ಅಗುಳಿಯ ಕೋವಿ

ಕಳೆದ ತಿಂಗಳು ಒಂದು ಸಂಜೆ, ಕೊಡಗಿನಲ್ಲಿ ನನ್ನ ಬಳಿ ಚರಿತ್ರೆ ಓದಿದ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರ ಮಗ. ನೌಕರಿ ಬಿಟ್ಟು ತೋಟಕ್ಕೆ ಹಿಂದಿರುಗಿದ್ದಾನೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸಾರ್, ಅಪ್ಪನ ಮೌಸರ್ ಕೋವಿಯನ್ನು ಸರಿಮಾಡಿಸಬೇಕು ಅಂತಿದ್ದೇನೆ. ನೀವೂ ಅಪ್ಪನೂ ಮೈಸೂರಿಗೆ ತೆಗೆದುಕೊಂಡು ಹೋಗಿದ್ದಿರಂತೆ. ಅಂಥ ಕೆಲಸ ಬಲ್ಲವರು ಈಗ ಯಾರಾದರೂ ಇದ್ದಾರೆಯೇ?" ಎಂದು ಕೇಳಿದ. ವಿಚಾರಿಸಿ ಹೇಳುತ್ತೇನೆ ಎಂದೆ. ಅವನಿಗೆ ಹೇಳಬೇಕಾದ ಮತ್ತೊಂದು ಮಾತನ್ನು ಅಂದು ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ಆದರೆ ಚರಿತ್ರೆಯ ಮೇಷ್ಟರ ಅಭ್ಯಾಸದಂತೆ ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ಕೊಡಗಿನಲ್ಲಿ ಕೋವಿ ಬೇಟೆಯ ಸಾಧನ ಮಾತ್ರವಲ್ಲ ಎಂಬುದು ಅಲ್ಲಿಯವರಿಗೆ ಹೇಳಬೇಕಾದುದಲ್ಲ. ಬಯಲುಸೀಮೆಯ ನನ್ನ ಬಂಧುಗಳಿಗಾಗಿ ಹೇಳುತ್ತೇನೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ಕೊಡವರ ಹಳೆಯ ಪದ್ಧತಿ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನೆಲ್ಲ ಇಳಿಸಿ, ತೊಳೆದು, ತೋಕ್ ಪೂ ಸಿಕ್ಕಿಸಿ ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. 1878ರ ಶಸ್ತ್ರ ಕಾಯಿದೆ ಭಾರತೀಯರ ಕೈಯನ್ನು ಕಟ್ಟಿಹಾಕಿದ ಕಾಲದಲ್ಲಿಯೂ ಕೊಡವರಿಗೆ ವಿನಾಯಿತಿಯಿತ್ತು. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಕಾಯಿದೆ ಮಾಡಿದ ಮೇಲೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮತ್ತೆ 10 ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವವರಿಗೆ. ಕೋವಿ ರಿಪೇರಿ ಮಾಡುವವನಿಗೆ ಪರವಾನಗಿ ಬೇಕೇ ಬೇಕು.

ಡ್ರಾಯಿಂಗ್ ಮಾಸ್ತರರ ಐನ್‌ಮನೆಯಲ್ಲಿದ್ದುದು ಜರ್ಮನಿಯ ಮೌಸರ್, 7 ಮಿಲಿಮೀಟರಿನದು. ಅವರ ತಂದೆ ಯಾರೋ ತೋಟದ ದೊರೆಯಿಂದ ಕೊಂಡದ್ದಂತೆ. ಈ ಬಗೆಯ ಕೋವಿಗೆ ಬೋಲ್ಟ್ ಆಕ್ಷನ್ ಎನ್ನುತ್ತಾರೆ. ನಮ್ಮ ಹಳೆಯ ಮನೆಗಳ ಬಾಗಿಲಿನ ಅಗುಳಿಯನ್ನು ನೆನೆದುಕೊಳ್ಳಿ. ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ಬಾಗಿಲು ತೆರೆಯುತ್ತದೆ, ಮುಂದೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಮುಚ್ಚಿ ಬೀಗವಾಗುತ್ತದೆ. ಕೋವಿಯಲ್ಲಿ ಆ ಅಗುಳಿಯ ಮುಂದೆ ಕೂರುವುದು ಸಿಡಿಯುವ ತೋಟೆ. ಅದರ ಹಿಂದೆ, ಒಂದು ಗೇಣಿನೊಳಗೆ, ಹೊಡೆಯುವವನ ಕಣ್ಣು.

ಇದನ್ನು ಪೂರ್ಣತೆಗೆ ತಂದವನು ಪಾಲ್ ಮೌಸರ್. 1838ರಲ್ಲಿ ಒಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಅಲ್ಲಿ ವುರ್ಟೆಂಬರ್ಗ್ ರಾಜ್ಯದ ಕೋವಿ ಕಾರ್ಖಾನೆಯೊಂದು ಹಳೆಯ ಕ್ರೈಸ್ತ ಮಠದ ಕಟ್ಟಡದಲ್ಲಿ 1811ರಿಂದ ನಡೆಯುತ್ತಿತ್ತು. ತಂದೆ ಅಲ್ಲಿನ ಕೆಲಸಗಾರ. ಬಾಲಕ ಪಾಲ್ ಅಲ್ಲಿಯೇ ಕೆಲಸ ಕಲಿತ. ಅಣ್ಣ ವಿಲ್ಹೆಲ್ಮ್‌ನೊಡನೆ ಸೇರಿ ರೂಪಿಸಿದ ಕೋವಿಯನ್ನು ಜರ್ಮನ್ ಸೇನೆ 1871ರಲ್ಲಿ ಸ್ವೀಕರಿಸಿತು. ಅಲ್ಲಿಗೆ ಅವನು ನಿಲ್ಲಲಿಲ್ಲ. ಒಂದೊಂದು ದೋಷವನ್ನು ತಿದ್ದುತ್ತಾ 1898ರ ಮಾದರಿಯನ್ನು ತಲುಪಲು ಮತ್ತೆ 27 ವರ್ಷ ತೆಗೆದುಕೊಂಡ. ಅಷ್ಟರಲ್ಲಿ ಅವನ 7 ಮಿಲಿಮೀಟರಿನ ಕೋವಿ ಜಗತ್ತನ್ನು ಸುತ್ತಿತ್ತು. ಕ್ಯೂಬಾದಲ್ಲಿ ಸ್ಪೇನಿನ ಸೈನಿಕರ ಕೈಯಲ್ಲಿ ಅದರ ಏಟು ತಿಂದ ಅಮೆರಿಕನ್ನರು ತಮ್ಮ 1903ರ ಕೋವಿಯನ್ನು ಅದರ ಮಾದರಿಯಲ್ಲಿಯೇ ಮಾಡಿಕೊಂಡು, ಮೌಸರ್ ಕಂಪನಿಗೆ ಗೌರವಧನ ಕೊಡಬೇಕಾಯಿತು! ದಕ್ಷಿಣ ಆಫ್ರಿಕದ ಬೋಯರ್ ರೈತರು 1899ರಿಂದ 1902ರವರೆಗೆ ಬ್ರಿಟಿಷ್ ಸಾಮ್ರಾಜ್ಯವನ್ನು ಕಾಡಿದ್ದೂ ಇದರಿಂದಲೇ. ಸೆರೆಸಿಕ್ಕ ಬೋಯರರಲ್ಲಿ ಕೆಲವರನ್ನು ಸಮುದ್ರ ದಾಟಿಸಿ ತಂದು ನಮ್ಮ ಬಳ್ಳಾರಿಯಲ್ಲಿ ಇಟ್ಟಿದ್ದರೆಂಬುದನ್ನು ತರಗತಿಯಲ್ಲಿ ಹೇಳಿದಾಗ ನೀವು ಯಾರೂ ನಂಬಿರಲಿಲ್ಲ.

1898ರ ಮಾದರಿಯಲ್ಲಿ ಮುಖ್ಯವಾದುದು ಗುರಿಯ ನಿಖರತೆಗಿಂತ ಹೊಡೆಯುವವನ ರಕ್ಷಣೆ. ಅಗುಳಿಯ ಮುಂದೆ ಎರಡು ಗಟ್ಟಿ ಕಿವಿಗಳು ಗೂಡಿನ ಒಳಗೋಡೆಗೆ ಸಿಕ್ಕಿ ಬೀಗವಾಗುತ್ತವೆ. ಅವು ಮುರಿದರೂ ತಡೆಯಲೆಂದು ಹಿಂದೆ ಮೂರನೆಯದೊಂದನ್ನು ಇಟ್ಟ. ತೋಟೆ ಒಡೆದು ಬಿಸಿಗಾಳಿ ಹಿಂದಕ್ಕೆ ನುಗ್ಗಿದರೆ ಪಕ್ಕಕ್ಕೆ ಹೊರಹೋಗಲು ರಂಧ್ರಗಳನ್ನು ಕೊರೆದು, ಹಿಂಭಾಗದಲ್ಲಿ ಅಗಲವಾದ ಅಂಚೊಂದನ್ನು ಅಡ್ಡ ಕೊಟ್ಟ. ಪರರ ಕಣ್ಣಿಗೆ ಇಷ್ಟು ಕಾವಲಿಟ್ಟ ಈತ 1901ರಲ್ಲಿ ಬೇರೊಂದು ಹೊಸ ಬಗೆಯ ಕೋವಿಯನ್ನು ಪರೀಕ್ಷಿಸುತ್ತಿದ್ದಾಗ ಅದು ಸಿಡಿದು ತನ್ನ ಎಡಗಣ್ಣನ್ನು ಕಳೆದುಕೊಂಡ.

ಕಾರ್ಖಾನೆಯ ಕೋವಿಯನ್ನು ಒಬ್ಬ ವ್ಯಕ್ತಿಗೆಂದು ಹೊಂದಿಸುವ ಕೆಲಸ ಬೇರೆಯೇ. ಲಂಡನ್ನಿನ ರಿಗ್ಬಿ ಕಂಪನಿ ಇದರಲ್ಲಿ ಹೆಸರಾಗಿತ್ತು. ಅದರ ಯಜಮಾನ ಜಾನ್ ರಿಗ್ಬಿ ಎನ್‌ಫೀಲ್ಡಿನ ಸರ್ಕಾರಿ ಕೋವಿ ಕಾರ್ಖಾನೆಯ ಮೇಲ್ವಿಚಾರಕನಾಗಿದ್ದವನು. ಆ ಕಂಪನಿ ಒಬರ್ನ್‌ಡಾರ್ಫಿನಿಂದ ಮೌಸರನ ಉಕ್ಕಿನ ಗೂಡನ್ನೂ ಅಗುಳಿಯನ್ನೂ ತರಿಸಿ, ನಳಿಗೆ ಜೋಡಿಸಿ, ದರ್ಜಿ ಅಂಗಿಗೆ ಅಳತೆ ತೆಗೆದಂತೆ ಗಿರಾಕಿಯ ತೋಳು, ಕುತ್ತಿಗೆಗಳಿಗೆ ಹೊಂದುವಂತೆ ಅಕ್ರೋಟು ಮರದ ಹಿಡಿ ಕೆತ್ತಿಸುತ್ತಿತ್ತು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಬಹುಮಾನವಾಗಿ ಕೊಟ್ಟದ್ದು ಇಂಥ ಒಂದು ರಿಗ್ಬಿ ಕೋವಿಯನ್ನು. .275 ಎಂದು ಇಂಗ್ಲಿಷರು ಹೆಸರಿಟ್ಟುಕೊಂಡರೂ ತೋಟೆ ಅದೇ 7 ಮಿಲಿಮೀಟರಿನ ಮೌಸರ್ ತೋಟೆ. ರುದ್ರಪ್ರಯಾಗದ ಚಿರತೆಯ ಕಥೆಯನ್ನು ತೇಜಸ್ವಿಯವರ ಕನ್ನಡದಲ್ಲಿ ನೀವೆಲ್ಲ ಓದಿದ್ದೀರಿ. ಕಾರ್ಬೆಟ್‌ನ ನಂತರ ಆ ಕೋವಿ ಅವನ ಪುಸ್ತಕಗಳ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಬಹುಕಾಲವಿದ್ದು, 2015ರಲ್ಲಿ ಮರಳಿ ರಿಗ್ಬಿ ಕಂಪನಿಯ ಕೈಸೇರಿತು.

ಇನ್ನು ನಮ್ಮ ಕಥೆ. 1983ರ ಬೇಸಿಗೆಯಲ್ಲಿ ಮಾಸ್ತರರ ಕೋವಿಯಲ್ಲಿ, ಹಾರಿಸಿದ ತೋಟೆಯನ್ನು ಹೊರಗೆಳೆಯುವ ಉಕ್ಕಿನ ಕೊಕ್ಕೆ ಮುರಿಯಿತು. ಯಾರ ಬಳಿ ಕೊಡಲಿ ಎಂದು ಅವರು ಕೇಳಿದಾಗ, ನಗರವೊಂದರ ಅಂಗಡಿಯ ಹೆಸರನ್ನು ಹೇಳಿದವನು ನಾನು. ತರಬೇತಿಗೆಂದು ಹೋಗಿದ್ದಾಗ ಅದರ ದೊಡ್ಡ ಬೋರ್ಡನ್ನು ಕಂಡಿದ್ದೆ, ಅಷ್ಟೆ. ಅದಕ್ಕಿಂತ ಹೆಚ್ಚು ನನಗೇನೂ ತಿಳಿದಿರಲಿಲ್ಲ. ಆದರೂ, "ಅಲ್ಲಿ ಒಳ್ಳೆಯ ಕೆಲಸ ಮಾಡುತ್ತಾರೆ" ಎಂದೆ. ಮೇಷ್ಟರುಗಳಿಗೆ ತಿಳಿಯದು ಎನ್ನಲು ನಾಲಗೆ ಏಳುವುದಿಲ್ಲ. ಅಂಗಡಿಯವರು ಒಂದೇ ದಿನದಲ್ಲಿ ಮಾಡಿಕೊಟ್ಟರು. ಬೆಲೆಯೂ ಕಡಿಮೆ.

ಆ ವರ್ಷದ ಕೈಲ್ ಪೊಳ್ದ್‌ಗೆ ನನಗೂ ಊಟದ ಕರೆ ಬಂದಿತ್ತು. ಹತ್ತನೆಯ ತರಗತಿಯಲ್ಲಿದ್ದ ಹುಡುಗ ತೆಂಗಿನಕಾಯಿಗೆ ಗುರಿಯಿಟ್ಟ. ಮೊದಲ ಗುಂಡು ತಪ್ಪಿತು. ಎರಡನೆಯದಕ್ಕೆ ಸದ್ದೇ ಬೇರೆಯಾಗಿತ್ತು. ಹುಡುಗ ಕೋವಿಯನ್ನು ಬಿಟ್ಟು ಎರಡು ಕೈಗಳಿಂದ ಮುಖ ಮುಚ್ಚಿಕೊಂಡ. ಕೆನ್ನೆಯ ತುಂಬ ಮಸಿ. ಅವನ ತಾಯಿ ನೀರು ತಂದು ಕೈ ಬಿಡಿಸುವವರೆಗಿನ ಆ ಒಂದು ನಿಮಿಷವನ್ನು ನಾನು ಇಂದಿಗೂ ಮರೆತಿಲ್ಲ. ಕಣ್ಣು ಕೆಂಪಾಗಿತ್ತು; ಉಳಿದಿತ್ತು.

ದಸರಾ ರಜೆಯಲ್ಲಿ ನಾನೂ ಮಾಸ್ತರರೂ ಮೈಸೂರಿಗೆ ಹೋದೆವು. ಈ ಬಾರಿ ನಾಲ್ಕು ಜನರನ್ನು ವಿಚಾರಿಸಿ, ಹಳೆಯ ಓಣಿಯೊಂದರಲ್ಲಿ ಪರವಾನಗಿ ಪತ್ರವನ್ನು ಗೋಡೆಗೆ ತೂಗುಹಾಕಿದ್ದ ಹಿರಿಯರೊಬ್ಬರನ್ನು ಕಂಡೆವು. ಬೋರ್ಡೂ ಇರಲಿಲ್ಲ. ಅವರು ಬೆಲೆಯ ಮಾತೆತ್ತಲಿಲ್ಲ. ಯಾವ ತೋಟೆ, ಎಷ್ಟು ಹಳೆಯದು, ಒಡೆದ ತೋಟೆ ತಂದಿದ್ದೀರಾ ಎಂದು ಕೇಳಿದರು. ಮಾಸ್ತರರು ಮೊದಲ ಗುಂಡಿನ ಖಾಲಿ ತೋಟೆಯನ್ನೂ ತಂದಿದ್ದರು. ಅದರ ಬುಡದ ಹತ್ತಿರ ಉಂಗುರದಂತೆ ಹೊಳೆಯುವ ಗೆರೆಯೊಂದಿತ್ತು. "ಇದು ಮೊದಲೇ ಹೇಳಿತ್ತು ಸ್ವಾಮಿ, ನೀವು ಕೇಳಲಿಲ್ಲ" ಎಂದರು. ಬೋಲ್ಟನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕೋವಿಯ ಗೂಡಿನ ಮೇಲಿದ್ದ ಅಂಕಿಯೇ ಬೇರೆ, ಬೋಲ್ಟಿನ ಅಂಕಿಯೇ ಬೇರೆ.

ಅವರು ಬೋಲ್ಟಿನ ಕಿವಿಗಳಿಗೆ ದೀಪದ ಮಸಿ ಹಚ್ಚಿ, ಮುಚ್ಚಿ ತೆರೆದು ತೋರಿಸಿದರು. ಒಂದು ಕಿವಿಯ ಮಸಿ ಅಳಿಸಿತ್ತು, ಇನ್ನೊಂದರದು ಹಾಗೆಯೇ ಇತ್ತು. ಎಂದರೆ ಸಿಡಿತದ ಭಾರವನ್ನೆಲ್ಲ ಒಂದೇ ಕಿವಿ ಹೊತ್ತಿತ್ತು. ಬಳಿಕ ಉಕ್ಕಿನ ಅಳತೆಯ ತುಂಡೊಂದನ್ನು ಗೂಡಿನಲ್ಲಿಟ್ಟರು. ಅದರ ಮೇಲೆ ಬೋಲ್ಟ್ ಮುಚ್ಚಬಾರದು. ಸಲೀಸಾಗಿ ಮುಚ್ಚಿತು. ಅಂಗುಲದ ಸಾವಿರ ಭಾಗಗಳಲ್ಲಿ ಕೆಲವೇ ಭಾಗಗಳ ಸಡಿಲ. ತೋಟೆಯ ಹಿತ್ತಾಳೆ ಹಿಗ್ಗಿ ಹರಿಯಲು ಅಷ್ಟು ಸಾಕು. ಹುಡುಗನ ಕಣ್ಣನ್ನು ಉಳಿಸಿದ್ದು ಮೌಸರ್ ಕೊರೆದಿಟ್ಟ ಆ ರಂಧ್ರಗಳು ಎಂದು ಬೆರಳಿಟ್ಟು ತೋರಿಸಿದರು.

"ಬೋಲ್ಟ್ ಯಾಕೆ ಬದಲಾಯಿಸಿದರು? ಮುರಿದದ್ದು ಈ ಕೊಕ್ಕೆ ತಾನೆ? ಇದು ಬೇರೆ ತುಂಡು, ಕೈಯಲ್ಲೇ ಜಾರಿಸಿ ತೆಗೆಯಬಹುದು. ಹಳೆಯ ಬೋಲ್ಟ್ ಎಲ್ಲಿ?" ಎಂದು ಕೇಳಿದರು. ಹಳೆಯ ಬೋಲ್ಟ್ ಅಂಗಡಿಯಲ್ಲಿಯೇ ಉಳಿದಿತ್ತು. ಮಾಸ್ತರರು ಹೋಗಿ ಕೇಳಿದಾಗ ಗುಜರಿಗೆ ಹಾಕಿದೆವೆಂದರಂತೆ.

ಇನ್ನೊಂದು ದಾರಿಯಿತ್ತು. ನಳಿಗೆಯನ್ನು ಬಿಚ್ಚಿ, ಲೇತಿನಲ್ಲಿ ಒಂದು ಮರೆಯಷ್ಟು ಹಿಂದಕ್ಕೆ ಸರಿಸಿ, ತೋಟೆಯ ಗೂಡನ್ನು ಮತ್ತೆ ಸರಿಯಳತೆಗೆ ಕೊರೆಯುವುದು. ಮೌಸರಿನಲ್ಲಿ ಅಂಗುಲಕ್ಕೆ 12 ಮರೆಗಳು. ಒಂದು ಮರೆಯೆಂದರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಕಿವಿಗಳೆರಡನ್ನೂ ಸಮವಾಗಿ ಕೂರುವಂತೆ ಉಜ್ಜಬೇಕು. "ನನಗೆ ಕೆಲಸ ಬರುತ್ತದೆ. ಆದರೆ 7 ಮಿಲಿಮೀಟರಿನ ರೀಮರ್ ನನ್ನ ಹತ್ತಿರ ಇಲ್ಲ. ಬೇರೆಯದರಲ್ಲಿ ಮಾಡಿಕೊಡುತ್ತೇನೆ ಅಂದರೆ ನಿಮ್ಮ ಮಗನಿಗೆ ಇನ್ನೊಂದು ಸಲ ಹೀಗಾಗುತ್ತದೆ" ಎಂದು ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದರು. ನೋಡಿದ್ದಕ್ಕೆ ಹಣ ಮುಟ್ಟಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನಾನು, "ಆ ಅಂಗಡಿಯ ಹೆಸರು ಹೇಳಿದವನು ನಾನು" ಎಂದೆ. ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಾ, "ಕೊಟ್ಟವನು ನಾನಲ್ಲವಾ ಮೇಷ್ಟ್ರೇ" ಎಂದರು. ಆ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ. ಮನೆಯಲ್ಲಿಯೂ ಹೇಳಲಿಲ್ಲವೆಂದು ಮಗನ ಮಾತಿನಿಂದ ಈಗ ತಿಳಿಯಿತು. ಕೋವಿ ಗೋಡೆಯಲ್ಲಿಯೇ ಉಳಿಯಿತು; ವರ್ಷಕ್ಕೊಮ್ಮೆ ಇಳಿಸಿ, ಹೂ ಸಿಕ್ಕಿಸಿ, ಮತ್ತೆ ತೂಗುಹಾಕುತ್ತಾರೆ.

ಮಗೂ, ನೀನು ಕೇಳಿದ ಹಿರಿಯರು ಈಗಿಲ್ಲ. ಆ ಓಣಿಯಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಈ ಬಾರಿ ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಪರವಾನಗಿಯಿರುವವರನ್ನು ನೀನೇ ಹುಡುಕು. ಹೋಗುವಾಗ ತೋಟೆ ತುಂಬಿಲ್ಲವೆಂದು ಎರಡು ಸಲ ನೋಡಿಕೊ. ಆ ಒಡೆದ ತೋಟೆ ನಿನ್ನ ತಂದೆಯ ಬಣ್ಣದ ಪೆಟ್ಟಿಗೆಯಲ್ಲಿ ಇದ್ದಿರಬೇಕು. ಅದನ್ನೂ ತೆಗೆದುಕೊಂಡು ಹೋಗು. ಕೋವಿಯನ್ನು ಕೈಗೆ ಕೊಟ್ಟು ಸುಮ್ಮನೆ ನಿಂತಿರು. ಅವರು ಮೊದಲು ಬೆಲೆ ಹೇಳುತ್ತಾರೋ, ಬೋಲ್ಟಿನ ಅಂಕಿ ನೋಡುತ್ತಾರೋ ಗಮನಿಸು.