ಬಡಗಿಯಲ್ಲದವರ ಮರಗೆಲಸ: ಉತ್ತರ ಬೆಂಗಳೂರಿನ ಒಂದು ಸಮೀಕ್ಷೆ

ಮನೆಯಲ್ಲೇ ಕುರ್ಚಿ, ಮೇಜು, ಪುಸ್ತಕದ ಕಪಾಟು ಮಾಡಿಕೊಳ್ಳುವ ಹವ್ಯಾಸದ ಬಗ್ಗೆ ಈಚೆಗೆ ಭಾನುವಾರದ ಪುರವಣಿಗಳಲ್ಲಿ ಆಗಾಗ ಬರಹ ಕಾಣುತ್ತಿದೆ. ಎಲ್ಲದರ ಸಾರವೂ ಒಂದೇ. 2020ರ ಲಾಕ್‌ಡೌನ್‌ನಲ್ಲಿ ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟುಗಳಲ್ಲಿ ಸಿಕ್ಕಿಕೊಂಡ ಸಾಫ್ಟ್‌ವೇರ್ ಮಂದಿ ಯೂಟ್ಯೂಬ್ ನೋಡಿ ಗರಗಸ ಹಿಡಿದರು, ಈ ಹವ್ಯಾಸ ಅಲ್ಲಿಂದ ಹುಟ್ಟಿತು ಎಂಬುದು ಆ ಸಾರ. ಓದಲು ಸೊಗಸಾಗಿದೆ. ಆದರೆ ಜಾಲಹಳ್ಳಿ, ಯಶವಂತಪುರ, ಆರ್.ಟಿ. ನಗರದ ಹಳೆಯ ಮನೆಗಳಿಗೆ ಹೋಗಿ ದೇವರ ಮಂಟಪವನ್ನೋ ಮಕ್ಕಳ ಓದುವ ಮೇಜನ್ನೋ ಮಗುಚಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅವುಗಳಲ್ಲಿ ಎಷ್ಟೋ ವಸ್ತುಗಳನ್ನು ಮಾಡಿದವರು ಬಡಗಿಗಳಲ್ಲ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಮನೆಯವರೇ. ಆ ಹಿಂದಿನ ಕಥೆಯನ್ನು ಬಿಟ್ಟರೆ ಈಗಿನವರಿಗೆ ಏನು ಕೊರತೆಯಿದೆ ಎಂಬುದೂ ತಿಳಿಯುವುದಿಲ್ಲ.

ತೀರ ಹಿಂದಿನದನ್ನು ಬೇಗ ಹೇಳಿ ಮುಗಿಸಬಹುದು. ಊರೂರಿಗೆ ಆಚಾರರ ಮನೆಗಳಿದ್ದ ಕಾಲದಲ್ಲಿ ಉಳಿ, ಬಾಚಿ, ಹತ್ತರಿಗಳು ಕುಲಕಸುಬಿನ ಸಾಮಾನು. ಬೇರೆಯವರು ಅವನ್ನು ಮುಟ್ಟುವ ಪ್ರಸಂಗವೇ ಇರಲಿಲ್ಲ. ದಂಡು ಪ್ರದೇಶಕ್ಕೆ ಬ್ರಿಟಿಷರು ಬಂದ ಮೇಲೆ ಕೈಚಾಚಿನ ಈಜಿಚೇರು, ಖಾನೆಗಳ ಮೇಜು, ಬೆತ್ತದ ಬೆನ್ನಿನ ಕುರ್ಚಿ ಇಲ್ಲಿನ ಬಡಗಿಗಳ ಕೈಗೆ ಬಂದವು. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ, ಸಾಗರ ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ಇವೆಲ್ಲ ದೊಡ್ಡ ಪರಂಪರೆಗಳೇ. ನಮ್ಮ ಕರಕುಶಲ ಸಾಹಿತ್ಯವೆಲ್ಲ ಅವುಗಳನ್ನೇ ಹಾಡಿ ಹೊಗಳಿತು. ದಿನಬಳಕೆಯ ಸ್ಟೂಲು ಮಾಡಿದವನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಕುಲದ ಹೊರಗಿನವರ ಕೈಗೆ ಉಳಿ ಬರುವಂತೆ ಮಾಡಿದ್ದು ಶಾಲೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆ, 1952-53ರ ಮುದಲಿಯಾರ್ ಆಯೋಗದ ಬೆನ್ನಿಗೆ ಬಂದ ಬಹೂದ್ದೇಶ ಪ್ರೌಢಶಾಲೆಗಳು, ಇವುಗಳಿಂದ ಕ್ರಾಫ್ಟ್ ಪೀರಿಯಡ್ ಎಂಬುದೊಂದು ಹುಟ್ಟಿತು. ಎಲ್ಲ ಶಾಲೆಗಳಲ್ಲೂ ಅದು ಸರಿಯಾಗಿ ನಡೆಯಿತೆಂದಲ್ಲ. ನಡೆದ ಕಡೆ ಹುಡುಗರು ಮೂಲೆಮಟ್ಟ ಹಿಡಿದು ಗೆರೆ ಎಳೆಯಲು, ಗೆರೆಯ ಹೊರಬದಿಗೆ ಗರಗಸ ಇಡಲು ಕಲಿತರು. ಹುಡುಗಿಯರನ್ನು ಹೊಲಿಗೆಗೆ ಕಳಿಸುತ್ತಿದ್ದರು. ಆ ಅನ್ಯಾಯದ ಫಲವನ್ನು ಈ ಹವ್ಯಾಸ ಬಹಳ ಕಾಲ ಉಂಡಿತು.

ನಿಜವಾದ ತಿರುವು ಜಾಲಹಳ್ಳಿಯದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1980ರ ದಶಕದಲ್ಲಿ ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆ ಸೇರಿಕೊಂಡಿತು. ಈ ಕಾರ್ಖಾನೆಗಳು ಉತ್ತರ ಬೆಂಗಳೂರಿಗೆ ಸಂಬಳದ ಜೊತೆಗೆ ಒಂದು ಅಭ್ಯಾಸವನ್ನೂ ಕೊಟ್ಟವು, ಅಳತೆಯ ಅಭ್ಯಾಸ. ಹಗಲೆಲ್ಲ ಲೇತಿನ ಮುಂದೆ ಮಿಲಿಮೀಟರಿನ ನೂರನೇ ಭಾಗ ನೋಡುವವನಿಗೆ ಮನೆಯ ಮೇಜಿನ ಕಾಲು ಕುಂಟಿದರೆ ತಡೆಯುತ್ತಿರಲಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ, ಹಿತ್ತಲಿನಲ್ಲೋ ಮಹಡಿಯ ಮೇಲಿನ ಶೀಟಿನಡಿಯೋ ಒಂದು ಕೆಲಸದ ಮೇಜು ಹಾಕಿಕೊಂಡ ಆ ತಲೆಮಾರಿಗೆ ನಾನು ಸೇರಿದವನು. ಹಾಗಾಗಿ ಇಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಈ ಬಗೆಯನ್ನು ನಾನು ಜಾಲಹಳ್ಳಿ ಪಂಥ ಎಂದೇ ಕರೆಯುತ್ತೇನೆ. ಇದರ ಮೊದಲ ಲಕ್ಷಣ ಹತ್ಯಾರುಗಳನ್ನು ಕೈಯಾರೆ ಮಾಡಿಕೊಳ್ಳುವುದು. ಪವರ್ ಹ್ಯಾಕ್ಸಾದ ಸವೆದ ಬ್ಲೇಡನ್ನು ಸಾಣೆಯಲ್ಲಿ ಓರೆಯಾಗಿ ಹಿಡಿದು, ನಡುನಡುವೆ ನೀರಿಗದ್ದಿ, ತುದಿ ನೀಲಿಗೆ ತಿರುಗದಂತೆ ಉಜ್ಜಿದರೆ ಗುರುತು ಹಾಕುವ ಚಾಕು ಸಿದ್ಧ. ಅದರ ಗೆರೆ ಪೆನ್ಸಿಲಿನ ಗೆರೆಯ ಹಾಗೆ ಅಗಲವಾಗುವುದಿಲ್ಲ, ಉಳಿಯ ಅಲಗು ತಾನಾಗಿ ಅದರೊಳಗೆ ಕೂರುತ್ತದೆ. ಎರಡನೆಯದು ಕಚ್ಚಿನ ಮೇಲಿನ ನಂಬಿಕೆ. ಒಂದು ಕಟ್ಟಿಗೆಯಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಸರಿಹೋಗುವ ನಾಲಗೆ. ಕೈಯಲ್ಲಿ ಒತ್ತಿದರೆ ಕೂರಬಾರದು, ಕೊಡತಿಯ ಎರಡು ಏಟಿಗೆ ಕೂರಬೇಕು, ಮೂರನೆಯ ಏಟು ಬೇಕಾದರೆ ತೂತಿನ ಅಂಚು ಸೀಳುತ್ತದೆ. ಮೇಲೊಂದು ಬಿದಿರಿನ ಮೊಳೆ ಹೊಡೆದರೆ ಮುಗಿಯಿತು. ಸ್ಕ್ರೂ ಹಾಕಿ ನಿಲ್ಲಿಸಿದ್ದನ್ನು ಈ ಪಂಥದವರು ಪೀಠೋಪಕರಣ ಎನ್ನುವುದಿಲ್ಲ. ಇದು ಅತಿಯೆಂದು ಕೆಲವರಿಗೆ ಅನ್ನಿಸಬಹುದು, ನನಗೆ ಅನ್ನಿಸುವುದಿಲ್ಲ.

ಮರ ಎಲ್ಲಿಂದ ಬರುತ್ತಿತ್ತು? ಹೆಚ್ಚಿನದು ಯಂತ್ರಗಳು ಬಂದ ಪೆಟ್ಟಿಗೆಗಳ ಪೈನ್ ಹಲಗೆ, ಕೆಡವಿದ ಮನೆಗಳ ತೊಲೆ ಬಾಗಿಲು, ಬಂಬೂ ಬಜಾರಿನ ತುಂಡುಗಳು. ಹತ್ಯಾರಿಗೆ ಎಸ್‌ಜೆಪಿ ರಸ್ತೆ, ಇಲ್ಲದಿದ್ದರೆ ಅವೆನ್ಯೂ ರಸ್ತೆಯ ಕಡೆಯ ಭಾನುವಾರದ ಸಂತೆ. ಶೆಫೀಲ್ಡಿನ ಹಳೆಯ ಕಬ್ಬಿಣದ ಹತ್ತರಿ ಅಲ್ಲಿ ತುಕ್ಕು ಹಿಡಿದು ಬಿದ್ದಿರುತ್ತಿತ್ತು. ಗುರುಗಳು ಯಾರು? ಇದನ್ನು ಪುರವಣಿಗಳು ಬರೆಯುವುದೇ ಇಲ್ಲ. ಬೀದಿಯ ಕೊನೆಯಲ್ಲಿ ಅಂಗಡಿಯಿಟ್ಟ ಆಚಾರರೇ ಗುರುಗಳು. ನೆಲದಲ್ಲಿ ಕೂತು ಎರಡು ಪಾದಗಳ ನಡುವೆ ಹಲಗೆ ಒತ್ತಿಹಿಡಿದು ಕೆತ್ತುವ ಅವರ ರೀತಿ, ವೈಸು ಕಚ್ಚಿಸಿದ ಮೇಜಿನ ಮುಂದೆ ನಿಂತು ಕೆಲಸ ಮಾಡುವ ನಮ್ಮ ರೀತಿ ಬೇರೆಬೇರೆ. ಆದರೆ ಎಳೆ ಯಾವ ಕಡೆ ಓಡುತ್ತಿದೆಯೆಂದು ನೋಡಿ ಹತ್ತರಿ ಹೊಡೆಯುವುದನ್ನು ನಾವೆಲ್ಲ ಕಲಿತದ್ದು ಅವರ ಬೈಗುಳದಿಂದಲೇ. ಸಂಭಾವನೆಯಾಗಿ ಅವರು ಪಡೆದದ್ದು ಬಹುಪಾಲು ಕಾಫಿ.

ಮುಂದಿನ ಘಟ್ಟದಲ್ಲಿ ಪ್ಲೈವುಡ್ ಎಲ್ಲವನ್ನೂ ನುಂಗಿತು. ಅದರ ವಿಜ್ಞಾನವೂ ನಮ್ಮ ನೆರೆಯಲ್ಲೇ ಬೆಳೆಯಿತು. ಪ್ಲೈವುಡ್ ಉದ್ಯಮಕ್ಕಾಗಿ 1962ರಲ್ಲಿ ಹುಟ್ಟಿದ ಸಂಶೋಧನಾ ಸಂಸ್ಥೆ, ಮುಂದೆ ಇಪಿರ್ಟಿ ಎಂದು ಹೆಸರಾದದ್ದು, ಯಶವಂತಪುರದ ತುಮಕೂರು ರಸ್ತೆಯಲ್ಲಿದೆ. ಸರೇಸು ಕುದಿಸಿ ಅಂಟಿಸುತ್ತಿದ್ದವರ ಕೈಗೆ ಫೆವಿಕಾಲ್ ಬಂತು, ಅದರ ಹಿಂದೆಯೇ ಸನ್‌ಮೈಕಾ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಕಾಡಿನ ಕಡಿತಕ್ಕೂ ಸಾಮಿಲ್ಲುಗಳಿಗೂ ಲಗಾಮು ಹಾಕಿತು. ಕಾಡಿನ ದೃಷ್ಟಿಯಿಂದ ಅದು ಬೇಕಿತ್ತು, ತಕರಾರಿಲ್ಲ. ಆದರೆ ತೇಗ, ಹೊನ್ನೆ, ಮತ್ತಿ ಹವ್ಯಾಸಿಯ ಕೈಗೆ ಎಟುಕದಾದವು. ಅದೇ ಹೊತ್ತಿಗೆ ರಾಜಸ್ಥಾನದ ಸುತಾರ ಬಡಗಿಗಳ ತಂಡಗಳು ಬಂದು ನಗರದ ಒಳಾಂಗಣದ ಕೆಲಸವನ್ನು ಹಿಡಿದವು. ಪ್ಲೈವುಡ್ಡಿನಲ್ಲಿ ಅವರ ಕೈಚಳಕವನ್ನು ಮೆಚ್ಚಲೇಬೇಕು. ಬೀದಿಯ ಆಚಾರರ ಅಂಗಡಿಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದವು, ಹವ್ಯಾಸದ ಪಾಠಶಾಲೆ ಹಾಗೆ ಮುಚ್ಚಿತು.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟು ಎದ್ದವು. 2013ರಲ್ಲಿ ಅಮೆಜಾನ್ ಬಂತು. ಎಸ್‌ಜೆಪಿ ರಸ್ತೆಯಲ್ಲಿ ಕೇಳಿದರೆ ನಗುತ್ತಿದ್ದ ಜಪಾನಿ ಗರಗಸ ಮನೆ ಬಾಗಿಲಿಗೆ ಬರತೊಡಗಿತು. ಯೂಟ್ಯೂಬಿನಲ್ಲಿ ಪಾಲ್ ಸೆಲ್ಲರ್ಸ್ ಎಂಬ ಇಂಗ್ಲಿಷ್ ಬಡಗಿ ಬರೀ ಕೈಹತ್ಯಾರುಗಳಿಂದ ಎಲ್ಲವನ್ನೂ ಮಾಡಿ ತೋರಿಸಿದ್ದು ಬಾಲ್ಕನಿಯವರಿಗೆ ವರವಾಯಿತು. ರೂಟರ್ ಯಂತ್ರದ ಸದ್ದಿಗೆ ಅಸೋಸಿಯೇಷನ್ನಿನ ನೋಟಿಸ್ ಬರುತ್ತದೆ, ಹತ್ತರಿಯ ಸದ್ದಿಗೆ ಬರುವುದಿಲ್ಲ. ಹಣ ಕಟ್ಟಿ ಕಲಿಯುವ ವಾರಾಂತ್ಯದ ಸ್ಟುಡಿಯೋಗಳೂ ತೆರೆದವು. ಅಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ತಲೆಮಾರು ಮಾಡದ ಕೆಲಸವನ್ನು ಇವರು ಮಾಡಿದ್ದಾರೆ. 2022ರ ಜೂನಿನಲ್ಲಿ ನಾಗಸಂದ್ರದಲ್ಲಿ ಐಕಿಯ ತೆರೆದಾಗ ಇನ್ನು ಯಾರೂ ಮೇಜು ಮಾಡುವುದಿಲ್ಲ ಎಂದವರಿದ್ದರು. ಆದದ್ದು ಬೇರೆ. ಬಿಡಿಭಾಗ ತಂದು ಜೋಡಿಸಿದ ಕೆಲವರಿಗೆ ಅದರಾಚೆಗಿನ ಕುತೂಹಲ ಹುಟ್ಟಿತು.

ಹೊಸಬರ ಎಲ್ಲ ಫ್ಯಾಷನ್ನನ್ನೂ ಮೆಚ್ಚಬೇಕಾಗಿಲ್ಲ. ಸೀಳು ಹಲಗೆಗಳ ನಡುವೆ ನೀಲಿ ರೆಸಿನ್ ಸುರಿದು ನದಿ ಎನ್ನುವ ಮೇಜುಗಳಲ್ಲಿ ಮರಗೆಲಸಕ್ಕಿಂತ ಸುರಿಯುವ ಕೆಲಸವೇ ಹೆಚ್ಚು. ಚಂಡೀಗಢಕ್ಕಾಗಿ ವಾಸ್ತುಶಿಲ್ಪಿ ಜಾನ್ನರೆ ರೂಪಿಸಿದ ಕುರ್ಚಿಯ ನಕಲು ಮಾಡುವವರು ಅಮೆರಿಕದ ಪೀಠೋಪಕರಣ ಶಿಲ್ಪಿ ಜಾರ್ಜ್ ನಾಕಾಶಿಮಾ 1930ರ ದಶಕದಲ್ಲೇ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಕೆಲಸ ಮಾಡಿದ್ದನ್ನು, 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದದ್ದನ್ನು ಓದಿಕೊಂಡರೆ ಒಳ್ಳೆಯದು.

ಹೊಸಬರ ನಿಜವಾದ ತೊಡಕು ಒಣಮರ. ಬೆಂಗಳೂರಿನ ಗಾಳಿ ಮಾರ್ಚಿನಲ್ಲಿ ಒಣಗಿ ಸುಡುತ್ತದೆ, ಆಗಸ್ಟಿನಲ್ಲಿ ಒದ್ದೆಯಾಗಿರುತ್ತದೆ. ಎರಡಡಿ ಅಗಲದ ತೇಗದ ಹಲಗೆಯೂ ಈ ನಡುವೆ ಮೂರು-ನಾಲ್ಕು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಬಿಗಿಯುವಾಗ ಸ್ಕ್ರೂ ತೂತನ್ನು ಅಡ್ಡಕ್ಕೆ ಉದ್ದವಾಗಿ ಕೊರೆಯಬೇಕು. ಇದು ತೇಗದ ಮಾತಾಯಿತು. ಸರಿಯಾಗಿ ಒಣಗಿಸದ ಸಿಲ್ವರ್ ಓಕ್, ಹೆಬ್ಬೇವು, ಅಕೇಶಿಯಾಗಳು ತಂದ ವರ್ಷದಲ್ಲೇ ತಿರುಚಿಕೊಳ್ಳುತ್ತವೆ. ನಾಲ್ಕು ಹಲಗೆ ಕೇಳುವವನಿಗೆ ಒಣಗಿಸಿದ ಮರ ಕೊಡುವ ವ್ಯಾಪಾರಿ ಅಪರೂಪ, ಲೆಕ್ಕವೆಲ್ಲ ಘನ ಅಡಿಗಳಲ್ಲಿ, ಲಾರಿಗಳಲ್ಲಿ. ಹಾಗಾಗಿ ಹವ್ಯಾಸಿಗಳು ಈಗಲೂ ಪೀಣ್ಯದ ಹಳೆ ಪ್ಯಾಲೆಟ್ಟಿಗೇ ಹೋಗುತ್ತಾರೆ. ಹೋದರೆ ಮುದ್ರೆ ನೋಡಿ ಕೊಳ್ಳಬೇಕು. ಎಚ್‌ಟಿ ಎಂದಿದ್ದರೆ ಬಿಸಿಮಾಡಿ ಹುಳ ಕೊಂದದ್ದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಅದನ್ನು ಮನೆಗೆ ತರಬಾರದು.

ಒಣಗಿಸುವ ವಿದ್ಯೆ ಬಲ್ಲವರು ದೂರದಲ್ಲಿಲ್ಲ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಮೈಸೂರು ಸಂಸ್ಥಾನ 1938ರಲ್ಲಿ ಆರಂಭಿಸಿದ ಅರಣ್ಯ ಪ್ರಯೋಗಾಲಯವೇ ಅದರ ಬೇರು. ಯಶವಂತಪುರದ ಇಪಿರ್ಟಿಯೂ ಈಗ ಅದರೊಳಗೇ ಸೇರಿದೆ. ಮರ ಗುರುತಿಸುವುದರಿಂದ ಹದ ಮಾಡುವವರೆಗಿನ ತಿಳಿವಳಿಕೆಯೆಲ್ಲ ಅಲ್ಲಿದೆ, ಯಂತ್ರದ ಮರಗೆಲಸ ಕಲಿಸುವ ಕೇಂದ್ರವೂ ಇದೆ. ಅಲ್ಲಿನ ತರಬೇತಿಗಳು ರೂಪುಗೊಂಡದ್ದು ಕೈಗಾರಿಕೆಯ ಅಗತ್ಯಕ್ಕೆ, ಸಂಜೆಯ ಹವ್ಯಾಸಿಯ ಅಳತೆಗಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಾವೂ ಹೊರತಲ್ಲ. ಹವ್ಯಾಸಿಗಳು ಒಟ್ಟಾಗಿ ಹೋಗಿ ಅಲ್ಲಿ ಕೇಳಿದ್ದೂ ಕಡಿಮೆ.

ಮರವೂ ದೂರದಲ್ಲಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ 15 ಲಕ್ಷ ಗಿಡ ನೆಟ್ಟರು. ಆ ಮರಗಳು ಈಗ ವಯಸ್ಸಿಗೆ ಬಂದಿವೆ, ಮೇ ತಿಂಗಳ ಗಾಳಿಗೆ ಬೀಳುತ್ತಿವೆ, ರಸ್ತೆ ಅಗಲೀಕರಣಕ್ಕೆ ಉರುಳುತ್ತಿವೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಹಾಕಬೇಕೆಂದಿದ್ದ ಉಕ್ಕಿನ ಸೇತುವೆಯನ್ನು 2017ರಲ್ಲಿ ಕೈಬಿಡುವಂತೆ ಮಾಡಿದ್ದು ಮರ ಉಳಿಸಲು ಬೀದಿಗಿಳಿದ ಜನ. ಉಳಿಸುವ ಹೋರಾಟ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿದ್ದ ಮೇಲೆ ಮಳೆಮರ, ಮಹಾಗನಿ, ಹೊಂಗೆ ಎಲ್ಲ ಗಾಡಿ ಹತ್ತಿ ಬಹುಪಾಲು ಸೌದೆಯಾಗುತ್ತವೆ. ಮಹಾಗನಿಯನ್ನು ಸೌದೆ ಮಾಡಿ, ಪರದೇಶದ ಪೈನ್ ಪ್ಯಾಲೆಟ್ಟಿನಲ್ಲಿ ಸ್ಟೂಲು ಮಾಡುವ ನಗರ ನಮ್ಮದು.

2025ರ ಸೆಪ್ಟೆಂಬರಿನಿಂದ ಬೆಂಗಳೂರು ಉತ್ತರಕ್ಕೆ ತನ್ನದೇ ನಗರಪಾಲಿಕೆ ಇದೆ. ಅದು ಮಾಡಬೇಕಾದದ್ದು ಇಷ್ಟು: ಬಿದ್ದ ಮರಗಳನ್ನು ಒಂದೆಡೆ ತಂದು ಸೀಳಿಸುವ ಒಂದು ಅಂಗಳ, ಹಲಗೆಗಳ ನಡುವೆ ಪಟ್ಟಿ ಕೊಟ್ಟು ನೆರಳಿನಲ್ಲಿ ಪೇರಿಸುವ ಒಂದು ಶೆಡ್ಡು, ಹದದ ಬಗ್ಗೆ ಮಲ್ಲೇಶ್ವರದವರ ಸಲಹೆ, ಪಕ್ಕದಲ್ಲೇ ಅಳಿದುಳಿದ ಆಚಾರರಿಗೆ ಸಂಬಳ ಕೊಟ್ಟು ಕಲಿಸಲು ಕೂರಿಸುವ ಒಂದು ಸಾರ್ವಜನಿಕ ಕೆಲಸದ ಮನೆ. ಇದಕ್ಕೆ ಮೇಲ್ಸೇತುವೆಯೊಂದರ ಕಂಬದಷ್ಟೂ ಹಣ ಬೇಡ. ಓದುವುದಕ್ಕೆ ವಾರ್ಡಿಗೊಂದು ಗ್ರಂಥಾಲಯ ಬೇಕೆಂದು ಒಪ್ಪಿದ ಊರು ಮಾಡುವುದಕ್ಕೂ ಒಂದು ಜಾಗ ಬೇಕೆಂದು ಒಪ್ಪಬೇಕು. ಈ ಹವ್ಯಾಸದ ಮುಂದಿನ ಸಮೀಕ್ಷೆ ಬರೆಯುವವರು ಯೂಟ್ಯೂಬಿನಿಂದ ಶುರುಮಾಡುವುದು, ಬಿಡುವುದು ಈ ಒಪ್ಪಿಗೆಯ ಮೇಲೆ ನಿಂತಿದೆ.