ಸಂತೆಬೀದಿಯ ಸಾಕ್ಷಿಗಳು

ನೂರೈವತ್ತು ವರ್ಷಗಳಿಗೂ ಹಿಂದೆ, ಕಣ್ಣಾನೂರಿನ ದಂಡುಪ್ರದೇಶದಲ್ಲಿ, ಆಂಗ್ಲ ಸೇನಾಧಿಕಾರಿಗಳು ನಡುಹಗಲಿನ ಬೇಗೆಗೆ ಬೆದರಿ ಕಿಟಕಿಬಾಗಿಲುಗಳನ್ನು ಮುಚ್ಚಿ ಒರಗಿಕೊಂಡಿರುವ ಹೊತ್ತಿನಲ್ಲಿ, ಎದೆಯವರೆಗೆ ಇಳಿಬಿದ್ದ ಗಡ್ಡದ ಜರ್ಮನ್ ಪಾದ್ರಿಯೊಬ್ಬರು ದೊಡ್ಡದೊಂದು ಕೊಡೆಯನ್ನು ಬಿಚ್ಚಿಕೊಂಡು ಬಂಗಲೆಯಿಂದ ಬಂಗಲೆಗೆ ನಡೆದುಹೋಗುತ್ತಿದ್ದರು. ಕರೆದವರಿಲ್ಲ, ಪರಿಚಯಿಸಿದವರಿಲ್ಲ. ಒಳಗೆ ಬಂದು ಕುಳಿತು, ಮನೆಯಲ್ಲಿದ್ದ ಸತ್ಯವೇದವನ್ನು ತರಿಸಿ, ಆದಿಕಾಂಡದಿಂದಲೋ ಸುವಾರ್ತೆಯಿಂದಲೋ ನಾಲ್ಕು ಮಾತು ಓದಿಸಿ, ಆ ಮಾತು ಓದಿದವನ ಆತ್ಮದ ಸ್ಥಿತಿಯನ್ನೇ ಕುರಿತದ್ದೆಂದು ನೇರವಾಗಿ ಹೇಳಿ, ಮೊಣಕಾಲೂರಿ ಪ್ರಾರ್ಥಿಸಿ ಎದ್ದುಹೋಗುವರು. ಅವರೇ ಸಾಮ್ಯುಯೆಲ್ ಹೆಬಿಕ್. ಮೊದಲು ಸಿಡಿಮಿಡಿಗೊಂಡವರಲ್ಲಿ ಅನೇಕರು ಆಮೇಲೆ ಅವರ ಶಿಷ್ಯರೇ ಆದರು. 94ನೆಯ ರೆಜಿಮೆಂಟಿಗಂತೂ ‘ಹೆಬಿಕರ ಸ್ವಂತ ದಂಡು’ ಎಂಬ ಹೆಸರೇ ಬಿದ್ದಿತು.

ಉಲ್ಮ್ ಪಟ್ಟಣದ ಸಮೀಪದಲ್ಲಿ 1803ರಲ್ಲಿ ಹುಟ್ಟಿದ ಈತನು ಮೊದಲು ವ್ಯಾಪಾರದಲ್ಲಿದ್ದು, ಆ ಕಾರ್ಯನಿಮಿತ್ತವಾಗಿ ಉತ್ತರ ಯುರೋಪಿನ ದೇಶಗಳನ್ನು ಸುತ್ತಿದವನು. ಅಪರಿಚಿತನ ಬಾಗಿಲನ್ನು ತಟ್ಟುವುದಕ್ಕೆ ಸಂಕೋಚಪಡದ ಗುಣ ಆ ಹಳೆಯ ಬಾಳಿನಿಂದಲೇ ಬಂದಿರಬೇಕೆಂದು ನನ್ನ ಊಹೆ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಆಂಗ್ಲರಲ್ಲದ ಮಿಷನರಿಗಳಿಗೆ ದಾರಿ ತೆರೆದದ್ದು 1833ರ ಸನ್ನದಿನಿಂದ. ಮರುವರ್ಷವೇ, 1834ರ ಅಕ್ಟೋಬರ್ 30ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಲೆನರ್, ಗ್ರೈನರ್ ಎಂಬಿಬ್ಬರೊಡನೆ ಹೆಬಿಕರು ಮಂಗಳೂರನ್ನು ಸೇರಿದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಕೆಲವೇ ವರ್ಷಗಳೊಳಗೆ ಮಿಷನ್ನಿನ ಠಾಣೆಗಳು ಏರ್ಪಟ್ಟವು. ಹೆಬಿಕರು ಮಾತ್ರ 1841ರಲ್ಲಿ ಕಣ್ಣಾನೂರಿಗೆ ಹೋಗಿ, 1859ರಲ್ಲಿ ಸ್ವದೇಶಕ್ಕೆ ಮರಳುವವರೆಗೂ ಅಲ್ಲಿಯೇ ನೆಲೆಸಿದರು.

ಅವರು ಭಾಷಾಪಂಡಿತರಲ್ಲ. ಇಂಗ್ಲಿಷು ಒಡಕು, ಮಲಯಾಳವು ಕಡೆಯವರೆಗೂ ಕೈವಶವಾಗಲಿಲ್ಲ. ಆದರೂ ತಳಿಪರಂಬ, ಪಯ್ಯಾವೂರುಗಳ ಉತ್ಸವಗಳಿಗೆ ವರ್ಷವರ್ಷವೂ ತಪ್ಪದೆ ಹೋಗಿ, ಪಕ್ಕದಲ್ಲಿ ದುಭಾಷಿಯನ್ನು ನಿಲ್ಲಿಸಿಕೊಂಡು, ಧೂಳನ್ನೂ ಕಲ್ಲನ್ನೂ ಬೈಗುಳವನ್ನೂ ಸಹಿಸುತ್ತ ಸಂಜೆಯವರೆಗೆ ಬೋಧಿಸುತ್ತಿದ್ದರು. ದೇವರ ದರ್ಶನಕ್ಕೆಂದು ಬಂದ ಜನರ ನಡುವೆ ನಿಂತು ಅವರ ಪೂಜೆಯನ್ನೇ ಖಂಡಿಸಿದ ಮಾತು ಕೇಳಿದವರ ಹೃದಯವನ್ನು ನೋಯಿಸಿತೆಂಬುದನ್ನು ನಾವು ಮರೆಮಾಡಬಾರದು. ಆ ಕಠೋರತೆಯನ್ನು ನಾನು ಸಮರ್ಥಿಸಲಾರೆ. ಆದರೆ ದೇಗುಲದ ಮುಂದೆ ಆಡಿದ ಮಾತನ್ನೇ ದೊರೆಗಳ ಬಂಗಲೆಯಲ್ಲಿಯೂ ಆಡಿದ ಮನುಷ್ಯ ಆತ. ಬಿಳಿಯರ ಪಾಪಕ್ಕೊಂದು ತಕ್ಕಡಿ, ಕರಿಯರ ಪಾಪಕ್ಕೊಂದು ತಕ್ಕಡಿ ಅವರಲ್ಲಿರಲಿಲ್ಲ.

ಇಷ್ಟಾದರೂ, ಹೆಬಿಕರು ಕಳೆದುಕೊಳ್ಳಬೇಕಾದ ಮನೆಮಾರು ಈ ನಾಡಿನಲ್ಲಿರಲಿಲ್ಲ. ಕಳೆದುಕೊಂಡವರು ನಮ್ಮವರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣನು ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಹರ್ಮನ್ ಮೋಗ್ಲಿಂಗ್ ಪಾದ್ರಿಗಳ ಬಳಿ ಓದುತ್ತ, ಗುರುವಿನೊಡನೆ ವಾದಿಸುತ್ತ, ತನ್ನೊಳಗೇ ಹೋರಾಡುತ್ತ, ಕೊನೆಗೆ 1844ರ ಜನವರಿ 6ರಂದು ದೀಕ್ಷಾಸ್ನಾನವನ್ನು ಹೊಂದಿದನು. ಆಗ ಅವನಿಗೆ ಇಪ್ಪತ್ತರ ಒಳಗಿನ ವಯಸ್ಸು. ಊರೇ ಕುದಿಯಿತು. ಅಂದು ಆ ಹುಡುಗನು ಆಡಬೇಕಾಗಿದ್ದುದು ಪ್ರಸಂಗವಲ್ಲ, ತಾನು ಯಾರವನೆಂಬ ಒಂದೇ ಒಂದು ಮಾತು. ಅದನ್ನು ಆಡಿದ ಬಳಿಕ ಹೆತ್ತ ಮನೆಯ ಪಂಕ್ತಿಯಲ್ಲಿ ಅವನಿಗೆ ಎಲೆಯಿಲ್ಲ. 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ, ದೈವಶಾಸ್ತ್ರವನ್ನು ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದ ಕೌಂಡಿನ್ಯರು ಬೇರೊಂದು ದೇಶದಲ್ಲಿ ಅಡಗಿಕೊಳ್ಳದೆ, ತಮ್ಮನ್ನು ಬಲ್ಲವರ ನಡುವೆ, ತಮ್ಮನ್ನು ಕಂಡು ಮುಖ ತಿರುಗಿಸುವವರ ನಡುವೆಯೇ ಸೇವೆಗೆ ನಿಂತರು. ನನ್ನ ಮನಸ್ಸಿಗೆ ಹೆಬಿಕರ ಕೊಡೆಗಿಂತಲೂ ಇದು ದೊಡ್ಡ ಧೈರ್ಯ.

ಮತಾಂತರದಿಂದ ಪಿತ್ರಾರ್ಜಿತದ ಹಕ್ಕು ನಷ್ಟವಾಗದೆಂಬ ಕಾಯಿದೆ 1850ರಲ್ಲಿ ಬಂದಿತು. ಆದರೆ ಕಾಯಿದೆಯು ಆಸ್ತಿಯನ್ನು ಉಳಿಸಬಲ್ಲುದೇ ಹೊರತು ಅನ್ನ ಕೊಡುವ ಒಕ್ಕಲುತನವನ್ನೂ ನೆರೆಹೊರೆಯ ನೀರನ್ನೂ ಕೊಡಿಸಲಾರದು. ಮೊದಲೇ ಭೂಮಿಯಿಲ್ಲದವರಿಗೆ ಅದರಿಂದ ಆದ ಉಪಕಾರವೂ ಇಲ್ಲ. ಮಂಗಳೂರಿನಲ್ಲಿ ಮಿಷನ್ನಿನ ನೇಯ್ಗೆಯ ಕಾರ್ಖಾನೆಯೂ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಯೂ ಹುಟ್ಟಿದುದಕ್ಕೆ ಈ ನಿರ್ಗತಿಕತೆಯೇ ಮುಖ್ಯ ಕಾರಣ. ಮುಂದೆ ಆ ಕೆಂಪು ಹೆಂಚನ್ನು ಕಾಣದ ಊರೇ ಇರಲಿಲ್ಲ. ಅದರ ಜೇಡಿಯನ್ನು ಮೊದಲು ತುಳಿದವರಲ್ಲಿ ಮನೆಯಿಂದ ಹೊರಬಿದ್ದವರು ಎಷ್ಟೋ ಮಂದಿ.

ಇನ್ನು ಉಪದೇಶಿ, ಎಂದರೆ ಪಾದ್ರಿಯ ಕೈಕೆಳಗೆ ಸುವಾರ್ತೆಯನ್ನು ಸಾರುತ್ತಿದ್ದ ಈ ನಾಡಿನವನು. ಕ್ರೈಸ್ತಸಭೆಯ ಇತಿಹಾಸಗಳಲ್ಲಿ ಪಾದ್ರಿಗೆ ಒಂದು ಅಧ್ಯಾಯ ಮೀಸಲಾದರೆ ಉಪದೇಶಿಗೆ ಒಂದು ಸಾಲು ದೊರೆಯುವುದೂ ಅಪೂರ್ವ; ಹಳ್ಳಿಹಳ್ಳಿಗೆ ಸುವಾರ್ತೆಯನ್ನು ಹೊತ್ತವನು ಮಾತ್ರ ಅವನೇ. ಮಳೆಗಾಲ ಕಳೆದು ದಾರಿ ಒಣಗಿತೆಂದರೆ, ಚೀಲದ ತುಂಬ ಕಿರುಪುಸ್ತಕಗಳನ್ನು ತುಂಬಿಕೊಂಡು, ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಅವನ ಪಯಣ. ಆ ಪುಸ್ತಕಗಳಲ್ಲಿ ಹಳೆಯವು ಕಲ್ಲಚ್ಚಿನವು. ಅಚ್ಚಿನ ಮೊಳೆಯ ಬಿಗುವು ಅವುಗಳಲ್ಲಿಲ್ಲ. ಬರೆದವನ ಕೈಯ ಬಳುಕು, ಕೊಂಬು ದೀರ್ಘಗಳ ಓಟ, ಎಲ್ಲವೂ ಹಾಗೆಯೇ ಕಲ್ಲಿನಿಂದ ಕಾಗದಕ್ಕೆ ಇಳಿದಿರುತ್ತವೆ. ಓಲೆಗರಿಗೂ ಕೈಬರಹಕ್ಕೂ ಒಗ್ಗಿದ್ದ ಕಣ್ಣಿಗೆ ಅದು ಪರಕೀಯವೆನಿಸಿರಲಾರದು. 1843ರ ಜುಲೈಯಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದೂ ಇಂಥ ಕಲ್ಲಚ್ಚಿನಿಂದಲೇ. ಉಪದೇಶಿಯೂ ಸೇರಿ ಗಂಡಸರು ಕಾಲಿಡಲಾಗದ ಅಡುಗೆಮನೆಯ ಹೊಸ್ತಿಲಿಗೆ, ಹಿತ್ತಿಲ ಬಾವಿಕಟ್ಟೆಗೆ, ಸಭೆಯ ಹೆಂಗಸರು ಹೋದರು. ಅವರು ಆಡಿದ ಮಾತನ್ನು ಯಾವ ವರದಿಯೂ ಪೂರ್ತಿಯಾಗಿ ಹಿಡಿದಿಡಲಿಲ್ಲ. ನೆರೆಮನೆಯವಳ ಕೂಸು ಜ್ವರದಿಂದ ಬಳಲುತ್ತಿರುವಾಗ ಪಕ್ಕದಲ್ಲಿ ಕುಳಿತು ಆಡುವ ಮಾತನ್ನು ಹಿಡಿದಿಡುವುದಾದರೂ ಹೇಗೆ?

ಸಂತೆಯಲ್ಲಿ ಉಪದೇಶಿಯು ಬಾಯಿ ತೆರೆದೊಡನೆ ಪ್ರಸಂಗವನ್ನು ಆರಂಭಿಸಿದರೆ ಜನ ನಿಲ್ಲುವುದಿಲ್ಲ. ಮೊದಲು ಹಾಡು, ಆಮೇಲೆ ಮಾತು. 1853ರಲ್ಲಿ ಈ ನಾಡಿಗೆ ಬಂದು, ಮುಂದೆ 1894ರಲ್ಲಿ ಮಹಾನಿಘಂಟನ್ನು ನಮಗಿತ್ತ ಫರ್ಡಿನೆಂಡ್ ಕಿಟ್ಟೆಲರಿಗೆ ಈ ಮರ್ಮ ಚೆನ್ನಾಗಿ ತಿಳಿದಿತ್ತು. ಜರ್ಮನ್ ರಾಗಕ್ಕೆ ಕನ್ನಡ ಶಬ್ದಗಳನ್ನು ಹೊಂದಿಸಿದ ಕೀರ್ತನೆಗಳು ಚರ್ಚಿನೊಳಗೆ ಸರಿಹೋದರೂ ಅಂಗಡಿಬೀದಿಯಲ್ಲಿ ನಿಲ್ಲಲಾರವೆಂದು ಬಗೆದೋ ಏನೋ, 1862ರಲ್ಲಿ ಅವರು ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಹಾಡಿದರು. ಕುಮಾರವ್ಯಾಸನನ್ನೂ ದಾಸರನ್ನೂ ಕೇಳಿ ಬೆಳೆದ ಕಿವಿಗೆ ಬೆತ್ಲೆಹೇಮಿನ ಗೋದಲಿಯ ಕಥೆಯು ಪರಿಚಿತವಾದ ನಡೆಯಲ್ಲಿ ಬಂದಿತು. ಮರದ ನೆರಳಿನಲ್ಲಿ ಚೀಲವನ್ನಿಳಿಸಿ, ಹೆಗಲ ವಸ್ತ್ರದಿಂದ ಮುಖದ ಧೂಳನ್ನು ಒರಸಿಕೊಂಡು, ಹೊರೆಯಿಳಿಸಿ ನಿಂತ ನಾಲ್ಕು ಜನ ಒಕ್ಕಲಿಗರ ಮುಂದೆ ಉಪದೇಶಿಯು ಎತ್ತಿಕೊಳ್ಳುವುದಕ್ಕೆ ಅವನ ತಾಯ್ನುಡಿಯದೇ ಒಂದು ಪದ್ಯ ದೊರಕಿತು.