ಭಾವನಾತ್ಮಕ ತೊಂದರೆಗಳಿಗೆ ಆಟ ಹಾಗೂ ಸೃಜನಾತ್ಮಕ ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಮನಸ್ಸಿನ ನೋವನ್ನು ಮಾತಿನಲ್ಲಿ ಹೇಳಿಕೊಳ್ಳಲಾಗದವರಿಗೆ ಆಟ, ಚಿತ್ರರಚನೆ, ಮಣ್ಣಿನ ಕೆಲಸ, ಗೊಂಬೆ, ಕಥೆ, ಸಂಗೀತಗಳ ಮೂಲಕ ತರಬೇತಿ ಪಡೆದ ತಜ್ಞರು ನೀಡುವ ಚಿಕಿತ್ಸೆಯನ್ನು ಆಟ ಹಾಗೂ ಸೃಜನಾತ್ಮಕ ಚಿಕಿತ್ಸೆ ಎಂದು ಕರೆಯಲಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಪಾಲಕರ ತಿಳಿವಳಿಕೆಗಾಗಿ ಇದರ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಯಾರಿಗೆ ಅವಶ್ಯಕ?

ಮನೆಯಲ್ಲಿ ಸಾವು ಸಂಭವಿಸಿದ ನಂತರ ಮಾತು ಕಡಿಮೆ ಮಾಡಿದ ಮಗು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದ ಮಗು, ಕಾರಣವಿಲ್ಲದೆ ಹೊಟ್ಟೆನೋವೆಂದು ಶಾಲೆ ತಪ್ಪಿಸುವ ಮಗು, ವಿಪರೀತ ಸಿಟ್ಟು ಅಥವಾ ಭಯ ತೋರುವ ಮಗು ಇದರ ಪ್ರಯೋಜನ ಪಡೆಯಬಹುದು. ತಂದೆತಾಯಿ ಗುಳೆ ಹೋದಾಗ ಅಜ್ಜ-ಅಜ್ಜಿಯರ ಬಳಿ ಉಳಿಯುವ ಮಕ್ಕಳ ಬಗ್ಗೆ ವಿಶೇಷ ಗಮನ ಅಗತ್ಯ. ಇಂತಹ ಮಗು ಗಲಾಟೆ ಮಾಡುವುದಿಲ್ಲವಾದ್ದರಿಂದ ಅದರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಜ್ವರ ಬಂದರೆ ಮರುದಿನವೇ ಆಸ್ಪತ್ರೆಗೆ ಕರೆತರುವ ಪಾಲಕರು, ಮಗು ತಿಂಗಳುಗಟ್ಟಲೆ ಮಂಕಾಗಿದ್ದರೂ ಗಾಳಿ ಸೋಕಿದೆಯೆಂದು ಕಾಯುವುದುಂಟು. ಹೀಗೆ ಕಳೆದ ಕಾಲ ಚಿಕಿತ್ಸೆಯನ್ನು ಕಠಿಣಗೊಳಿಸುತ್ತದೆ.

ಚಿಕಿತ್ಸೆಯ ಕ್ರಮ

ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದ್ಧತಿಯ ಮುಖ್ಯ ತತ್ವಗಳನ್ನು ನಿರೂಪಿಸಿದರು. ಅದರಂತೆ ಆಟದಲ್ಲಿ ಮಗುವೇ ಮುಂದೆ ನಡೆಯುತ್ತದೆ, ತಜ್ಞರು ಹಿಂಬಾಲಿಸುತ್ತಾರೆ, ಅವಸರಪಡಿಸುವುದಿಲ್ಲ, ಗದರಿಸುವುದಿಲ್ಲ. ತನಗಾಗಲಿ ಇತರರಿಗಾಗಲಿ ಪೆಟ್ಟಾಗದಂತೆ ಮಾತ್ರ ಮಿತಿ ಹಾಕಲಾಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಷ್ಟು ಕಾಲ, ಹಲವು ವಾರಗಳವರೆಗೆ ಭೇಟಿಗಳು ನಡೆಯುತ್ತವೆ. "ನನಗೆ ಭಯವಾಗುತ್ತದೆ" ಎನ್ನಲಾರದ ಮಗು "ಈ ಗೊಂಬೆಗೆ ಭಯವಾಗುತ್ತದೆ" ಎಂದು ಸುಲಭವಾಗಿ ಹೇಳುತ್ತದೆ. ಚಿಕಿತ್ಸೆಗೆ ದಾರಿ ತೆರೆಯುವುದು ಅಲ್ಲಿಯೇ.

ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣೇ ಸಾಕು. ಅದನ್ನು ಕಲಸುವುದು, ಒಡೆಯುವುದು, ಮತ್ತೆ ಕಟ್ಟುವುದು ಸಿಟ್ಟಿಗೂ ದುಃಖಕ್ಕೂ ಹೊರದಾರಿಯಾಗುತ್ತದೆ. ಗೊಂಬೆಗಳಂತೂ ಈ ಜಿಲ್ಲೆಗೆ ಹೊಸತಲ್ಲ. ಕಿನ್ನಾಳದ ಮರದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ತೊಗಲು ಗೊಂಬೆಯಾಟದ ಹಿರಿಯ ಕಲಾವಿದೆ, ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಿಸಲಾಯಿತು. ಆದರೆ ಗೊಂಬೆಯಾಟ ನೋಡುವುದು ಬೇರೆ, ತಜ್ಞರ ಸಮ್ಮುಖದಲ್ಲಿ ಗೊಂಬೆಯ ಮೂಲಕ ತನ್ನ ಮಾತನ್ನು ಆಡುವುದು ಬೇರೆ ಎಂಬುದನ್ನು ಗಮನಿಸತಕ್ಕದ್ದು.

ವಯಸ್ಕರಿಗೂ ಚಿತ್ರಕಲೆ, ಹಾಡು, ನಾಟಕಗಳ ಮೂಲಕ ಇಂತಹ ಚಿಕಿತ್ಸೆ ನೀಡಲಾಗುತ್ತದೆ. ತೀವ್ರ ಮಾನಸಿಕ ಕಾಯಿಲೆಗಳಲ್ಲಿ ಇದು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ. ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದು.

ಸೇವೆ ಪಡೆಯುವ ವಿಧಾನ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮೊದಲು ಮನೋವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯಕ್ಕೆ ಬರುವವರು ತಮ್ಮ ತಾಲ್ಲೂಕಿನ ಸರದಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಮೊದಲೇ ವಿಚಾರಿಸಿದಲ್ಲಿ ದೂರದ ಹಳ್ಳಿಯಿಂದ ಬಂದು ಬರಿಗೈಲಿ ಮರಳುವುದು ತಪ್ಪುತ್ತದೆ. ಎಲ್ಲ ಆಸ್ಪತ್ರೆಗಳಲ್ಲಿಯೂ ಪ್ರತ್ಯೇಕ ಆಟದ ಕೊಠಡಿ ಇರುತ್ತದೆಂದು ಭಾವಿಸಬಾರದು. ಅಗತ್ಯವಿದ್ದಲ್ಲಿ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸಲು ಶಿಫಾರಸು ಪತ್ರ ಕೋರಬಹುದು.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವ ಮಾನಸಿಕ ಅಸ್ವಸ್ಥರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಬಿ.ಪಿ.ಎಲ್. ಕಾರ್ಡ್ ಕೈಯಲ್ಲಿಲ್ಲ ಎಂಬುದು ಅಡ್ಡಿಯಾಗದು. ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡುವುದೂ ಕಡ್ಡಾಯ. ಊರವರಿಗೆ ತಿಳಿದೀತೆಂಬ ಅಂಜಿಕೆಯಿಂದ ಹಿಂಜರಿಯುವವರು ಇದನ್ನು ನೆನಪಿಡಬೇಕು.

ತುರ್ತು ಸಲಹೆಗೆ 2022ರಿಂದ ಜಾರಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಶಂಕೆಯಿದ್ದಲ್ಲಿ 1098ಕ್ಕೆ ತಿಳಿಸತಕ್ಕದ್ದು. ತಪಾಸಣೆಗೆ ಬರುವಾಗ ಹಿಂದಿನ ಚೀಟಿಗಳೊಂದಿಗೆ, ಮಗು ಬರೆದ ಚಿತ್ರಗಳಿದ್ದರೆ ಅವನ್ನೂ ತರುವುದು ಸೂಕ್ತ.